ಹೊಸ ಪೆಟ್ಟಿಗೆಯೂ ಮನೆಯ ಹಿರಿಯರೂ

ಹಳೆಯ ಅನಲಾಗ್ ಪದ್ಧತಿಯಲ್ಲಿ ಕೇಬಲ್ಲಿನೊಳಗೆ ಒಂದು ವಾಹಿನಿಗೆ ಬೇಕಾಗುತ್ತಿದ್ದ ಎಡೆಯಲ್ಲಿ ಡಿಜಿಟಲ್ ಪದ್ಧತಿಯಿಂದ ಹಲವು ವಾಹಿನಿಗಳು ಹಿಡಿಸುವುವು, ಚಿತ್ರವೂ ನಿರ್ಮಲವಾಗಿರುವುದು. ಆದುದರಿಂದ 2011ರಲ್ಲಿ ಕೇಬಲ್ ಶಾಸನವು ತಿದ್ದುಪಡಿಯಾಗಿ, ಕೇಬಲ್ ಇರುವ ಮನೆಗಳಿಗೆ ಸೆಟ್‌ಟಾಪ್ ಪೆಟ್ಟಿಗೆಯು ಅವಶ್ಯವಾಯಿತು. ಬೆಂಗಳೂರು, ಮೈಸೂರುಗಳಿಗೆ 2013ರ ಮಾರ್ಚ್ 31 ಗಡುವಾಗಿದ್ದಿತು.

ಮೈಸೂರಿನ ನಮ್ಮ ಮನೆಗೂ ಪೆಟ್ಟಿಗೆ ಬಂದಿತು. ಚಿತ್ರದ ಸೊಬಗನ್ನು ಕಂಡು ನಾವೆಲ್ಲರೂ ಹಿಗ್ಗಿದೆವು. ನಮ್ಮ ಅತ್ತೆಯವರು ಮಾತ್ರ ಮೌನವಾದರು. ಅದುವರೆಗೆ ಒಂದು ಗುಂಡಿಯನ್ನೊತ್ತಿ ತಾವಾಗಿಯೇ ವಾರ್ತೆಯನ್ನು ಕೇಳುತ್ತಿದ್ದವರು, ಎರಡು ರಿಮೋಟುಗಳ ನಡುವೆ ದಿಕ್ಕುಗಾಣದೆ, ಮೊಮ್ಮಗನು ಶಾಲೆಯಿಂದ ಬರುವುದನ್ನು ಕಾಯುವಂತಾಯಿತು. ವಿಚಾರಿಸಿದರೆ, "ನೀವು ನೋಡುವಾಗ ನೋಡಿದರಾಯಿತು ಬಿಡಮ್ಮ" ಎನ್ನುವರು.

ನಾವು ಹೊಸ ರಿಮೋಟಿನ ಬೇಡದ ಗುಂಡಿಗಳನ್ನು ಬಟ್ಟೆಯ ಪಟ್ಟಿಯಿಂದ ಮುಚ್ಚಿ, ಬೇಕಾದ ಮೂರನ್ನೇ ತೆರೆದಿಟ್ಟೆವು. ಮಧ್ಯಾಹ್ನದ ಕೆಲಸ ಮುಗಿದ ಮೇಲೆ ದಿನವೂ ಅವರ ಬಳಿ ಕುಳಿತು ಅಭ್ಯಾಸ ಮಾಡಿಸಿದೆವು. ಹತ್ತು ದಿನ ಹಿಡಿಯಿತು. ಹನ್ನೊಂದನೆಯ ದಿನ ಅವರೇ ವಾರ್ತೆಯನ್ನು ಹಚ್ಚಿ ನಮ್ಮನ್ನು ಕೂಗಿ ಕರೆದರು.

ವಾಚಕರೇ, ಹೊಸ ಯಂತ್ರವೊಂದು ಮನೆಗೆ ಬಂದಾಗ, ಅದಕ್ಕೆ ತೆರುವ ಹಣದೊಡನೆ ಹಿರಿಯರ ಬಳಿ ಕುಳಿತುಕೊಳ್ಳಬೇಕಾದ ಇಂತಹ ಮಧ್ಯಾಹ್ನಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.