ಮೋಹಕ ಬಲೆಯಲ್ಲಿ ಬಿದ್ದವೆಲ್ಲ ಗಂಡು

ತೊಗರಿ ಹೂವಿಗೆ ಬಂತೆಂದರೆ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಯಾವ ಕಟ್ಟೆಯ ಮೇಲೆ ಕೂತರೂ ಹುಳದ್ದೇ ಮಾತು. ವಾಡಿ, ಶಹಾಬಾದ್‌ನ ಗಣಿ ಪಕ್ಕದ ಹೊಲಗಳಲ್ಲೂ ಅಷ್ಟೇ. ಹೋದ ಹಂಗಾಮಿನಲ್ಲಿ ನಮ್ಮ ಕಾಕಾ ಮೋಹಕ ಬಲೆ ಕಟ್ಟಿದ್ದರು. "ಇದು ಕಟ್ಟಿದ್ರ ಎಣ್ಣಿ ಹೊಡೆಯೋದೇ ಬ್ಯಾಡ" ಅಂತ ಅಂಗಡಿಯವನೊಬ್ಬ ಹೇಳಿದ್ದನಂತೆ. ಹದಿನೈದು ದಿನಕ್ಕೆ ಚೀಲದ ತುಂಬ ಪತಂಗ, ಗಿಡದ ತುಂಬ ಹುಳ! "ಇಷ್ಟು ಸತ್ರೂ ಇವೆಲ್ಲಿಂದ ಬಂದ್ವು?" ಅಂತ ನನ್ನ ಕೇಳಿದರು.

ಚೀಲದಲ್ಲಿದ್ದವೆಲ್ಲ ಗಂಡು. ಮೊಟ್ಟೆ ಇಡುವ ಹೆಣ್ಣು ಆ ಬಲೆಯ ಹತ್ತಿರವೂ ಬರುವುದಿಲ್ಲ.

ಕತ್ತಲಾದ ಮೇಲೆ ಹೆಣ್ಣು ಪತಂಗದ ತಲೆಯೊಳಗಿನ ನರಗಂಟಿನಿಂದ ಒಂದು ಹಾರ್ಮೋನು ಹೊರಟು, ಬಾಲದ ತುದಿಯ ಗ್ರಂಥಿಗೆ ಮುಟ್ಟುತ್ತದೆ. ಅಲ್ಲಿರುವ ಗ್ರಾಹಕ ಕೀಲಿ ಇದ್ದಂತೆ, ಹಾರ್ಮೋನು ಅದರ ಕೈ. ಕೀಲಿ ತೆರೆದರೆ ವಾಸನೆ ತಯಾರು, ಗಂಡಿಗೆ ಕರೆ ಹೋಯಿತು. ಅಮೆರಿಕದಲ್ಲಿ ಅಶೋಕ ರೈನಾ ಮತ್ತು ಸಂಗಡಿಗರು 1989ರಲ್ಲಿ ಈ ಹಾರ್ಮೋನನ್ನು ಗುರುತಿಸಿದರು. ಸಿಕ್ಕಿದ್ದು ನಮ್ಮ ಹುಳದ ದಾಯಾದಿಯಾದ ಅಲ್ಲಿನ ಮೆಕ್ಕೆಜೋಳದ ಹುಳದಲ್ಲಿ. 1992ರಲ್ಲಿ ಅವರೇ ಇನ್ನೊಂದು ಸಂಗತಿ ಕಂಡರು: ಮೆಕ್ಕೆಜೋಳದ ತೆನೆಯ ವಾಸನೆ ಮೂಗಿಗೆ ಬೀಳುವ ತನಕ ಆ ಹೆಣ್ಣು ಗಂಡನ್ನು ಕರೆಯುವುದೇ ಇಲ್ಲ. ಮಕ್ಕಳಿಗೆ ಉಣ್ಣಲು ಇದೆಯೋ ಇಲ್ಲವೋ ನೋಡಿಕೊಂಡೇ ಸಂಸಾರ! ಒಮ್ಮೆ ಕೂಡಿದ ಮೇಲೆ ಗಂಡಿನಿಂದ ಬಂದ ರಸ ಆ ಕರೆಯನ್ನು ನಿಲ್ಲಿಸುತ್ತದೆ. ಆಮೇಲೆ ಮೊಟ್ಟೆಯ ಕೆಲಸ, ಮೊಗ್ಗಿಗೊಂದು ಕಾಯಿಗೊಂದು ಅಂತ ನೂರಾರು.

ಬಲೆಯಲ್ಲಿರುವ ಲೂರ್ ಆ ಹೆಣ್ಣಿನ ವಾಸನೆಯ ನಕಲು. ಆದರೆ ಬಲೆಗೆ ಬೀಳದೆ ಉಳಿದ ಒಂದು ಗಂಡು ಹಲವು ಹೆಣ್ಣುಗಳಿಗೆ ಸಾಕು. ಹಾಗಾಗಿ ಎಕರೆಗೆ ಎರಡು ಬಲೆ ಹುಳ ಕೊಲ್ಲುವುದಕ್ಕಲ್ಲ, ಸುದ್ದಿ ತಿಳಿಯುವುದಕ್ಕೆ. ದಿನಾ ಬೆಳಿಗ್ಗೆ ಪತಂಗ ಎಣಿಸಬೇಕು. ಎಣಿಕೆ ದಿನದಿಂದ ದಿನಕ್ಕೆ ಏರಿದರೆ ಮೊಗ್ಗು, ಎಳೆ ಕಾಯಿ ತಿರುವಿ ಮೊಟ್ಟೆ ಹುಡುಕಬೇಕು. ಮೊಟ್ಟೆ ಒಡೆಯಲು ಮೂರ್ನಾಲ್ಕು ದಿನ ಸಿಗುತ್ತದೆ, ಬೇವಿನ ಬೀಜದ ಕಷಾಯ ಹೊಡೆಯುವ ಹೊತ್ತು ಅದೇ. ಹುಳ ಕಾಯಿಯೊಳಗೆ ತಲೆ ಇಟ್ಟ ಮೇಲೆ ಎಷ್ಟು ದುಬಾರಿ ಎಣ್ಣಿ ತಂದರೂ ಅರ್ಧ ದುಡ್ಡು ಗಾಳಿಗೆ.

ಲೂರ್ ಕೊಳ್ಳುವಾಗ ಪೊಟ್ಟಣದ ಮೇಲೆ "ಹೆಲಿಕೋವರ್ಪ ಆರ್ಮಿಜೆರಾ" ಅಂತ ಇದೆಯೇ ನೋಡಿ. ಹತ್ತಿಯ ಗುಲಾಬಿ ಕಾಯಿಕೊರಕದ ಲೂರ್ ಕಟ್ಟಿದರೆ ತೊಗರಿ ಹುಳದ ಗಂಡು ತಿರುಗಿಯೂ ನೋಡದು, ಬಲೆ ಖಾಲಿ ಇದೆಯಲ್ಲ ಅಂತ ನೀವು ನಿಶ್ಚಿಂತೆಯಾಗಿ ಕೂತಿರುತ್ತೀರಿ.