ಅತ್ತೆಯ ಕಿವಿಗೆ ಕಿತ್ತಳೆ ಬಣ್ಣದ ಸೆಲ್ಲು

ಸೋದರಿಯರೇ, ಕೊಲ್ಲಿಯಿಂದ ಊರಿಗೆ ಹೊರಟವರ ಪೆಟ್ಟಿಗೆಯಲ್ಲಿ ಏನೇನಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಖರ್ಜೂರ, ಅತ್ತರು, ಹಾಲಿನ ಪುಡಿ, ಮಕ್ಕಳಿಗೆ ಚಾಕೊಲೇಟು. ನನ್ನ ಅತ್ತೆಗೆ ಮಾತ್ರ ಇದ್ಯಾವುದೂ ಬೇಡ. ಅವರು ಹೇಳಿ ಕಳಿಸುತ್ತಿದ್ದುದು ಒಂದೇ ಮಾತು: "ಬೇಟಾ, ಕಿವಿ ಮಶಿನ್ನಿನ ಸೆಲ್ಲು ಮರೀಬ್ಯಾಡ."

ಆಗ ನಾವು ಜಿದ್ದಾದಲ್ಲಿದ್ದೆವು. ಮನೆಯ ಕೆಳಗೇ ಬಖಾಲಾ, ಅಂದರೆ ಕಿರಾಣಿ ಅಂಗಡಿ. ಹೊಸದರಲ್ಲಿ ಗೋಡೆ ಗಡಿಯಾರಕ್ಕೆ ಸೆಲ್ಲು ಕೇಳಿದೆ. ಈಜಿಪ್ಟಿನವನಾದ ಅಂಗಡಿಯಾತನಿಗೆ ತಿಳಿಯಲಿಲ್ಲ. ಹಳೆಯ ಸೆಲ್ಲು ತೋರಿಸಿದಾಗ ನಕ್ಕು "ಹಜರ್!" ಎಂದ. ಹಜರ್ ಎಂದರೆ ಕಲ್ಲು. ನಾವು ಪೆನ್ಸಿಲ್ ಸೆಲ್ ಎನ್ನುವುದು ಅವರಿಗೆ 'ಹಜರ್ ಕಲಂ', ಪೆನ್ನಿನ ಕಲ್ಲು! ಅದೇ ಸೆಲ್ಲಿಗೆ ಚೀನಾದಲ್ಲಿ '5ನೇ ನಂಬರ್', ಜಪಾನಿನಲ್ಲಿ 'ತಾನ್-ಸಾನ್', ಜರ್ಮನಿಯಲ್ಲಿ 'ಮಿನ್ಯೋನ್' ಎಂಬ ಹೆಸರುಗಳಿವೆ.

ಹೆಸರು ಏನೇ ಇರಲಿ, ಸೆಲ್ಲಿನ ಮೈಮೇಲಿನ ಸಂಕೇತ ಎಲ್ಲೆಡೆ ಒಂದೇ. ಪೆನ್ಸಿಲ್ ಸೆಲ್ಲಿಗೆ 'ಆರ್6', ಅದಕ್ಕಿಂತ ಸಣ್ಣದಕ್ಕೆ 'ಆರ್03'. ಅದರ ಮುಂದೆ 'ಎಲ್' ಇದ್ದರೆ ಅದು ಆಲ್ಕಲೈನ್, ಹೆಚ್ಚು ಕಾಲ ಬಾಳುವಂಥದ್ದು. 'ಹೆವಿ ಡ್ಯೂಟಿ' ಎಂದು ದೊಡ್ಡದಾಗಿ ಬರೆದಿದ್ದನ್ನು ಕಂಡು ಮೋಸ ಹೋಗಬೇಡಿ. ಅದು ಅಗ್ಗದ ಸತುವಿನ ಸೆಲ್ಲು. ಗಡಿಯಾರ, ರಿಮೋಟಿಗೆ ಸಾಕು. ಓಡುವ ಆಟಿಕೆಗೆ ಹಾಕಿದರೆ ಬೇಗ ಮುಗಿದುಹೋಗುತ್ತದೆ.

ಇಷ್ಟೆಲ್ಲ ಕಲಿತಿದ್ದ ನಾನೇ 2009ರ ರಜೆಯಲ್ಲಿ ತಪ್ಪು ಮಾಡಿದೆ. ಹೊರಡುವ ಗಡಿಬಿಡಿಯಲ್ಲಿ ಔಷಧಿ ಅಂಗಡಿಗೆ ಹೋಗಿ "ಕಿವಿ ಮಶಿನ್ನಿನ ಸೆಲ್ಲು" ಎಂದು ಕೇಳಿ, ಕೊಟ್ಟದ್ದನ್ನು ಚೀಲಕ್ಕೆ ಹಾಕಿಕೊಂಡೆ. ಹೈದರಾಬಾದಿನಲ್ಲಿ ಇಳಿದು, ಜಹೀರಾಬಾದ್, ಬೀದರ್ ದಾಟಿ ಖಟಕ ಚಿಂಚೋಳಿ ಸೇರಿದೆವು. ಚಿಂಚೋಳಿ ಎಂದರೆ ಅನೇಕರು ಕಲಬುರಗಿ ಜಿಲ್ಲೆಯ ತಾಲೂಕು ಕೇಂದ್ರ ಎಂದುಕೊಳ್ಳುತ್ತಾರೆ. ನಮ್ಮದು ಭಾಲ್ಕಿ ತಾಲೂಕಿನ ಹಳ್ಳಿ. ಸುತ್ತಲೂ ತೊಗರಿ, ಉದ್ದಿನ ಹೊಲಗಳು. ಮನೆಯೊಳಗೆ ಒಂದು ಭಾಷೆ, ಸಂತೆಯಲ್ಲಿ ಇನ್ನೊಂದು. ಕನ್ನಡ, ಉರ್ದು, ಮರಾಠಿ ಎಲ್ಲ ಬೆರೆತ ಮಾತು.

ಅತ್ತೆ ಸಡಗರದಿಂದ ಹೊಸ ಸೆಲ್ಲು ಹಾಕಿಕೊಂಡರು. ಶಬ್ದವೇ ಇಲ್ಲ! ಎರಡನೆಯದು, ಮೂರನೆಯದು ಹಾಕಿದರೂ ಅಷ್ಟೇ. ಮೂರು ವರ್ಷದ ಮಗಳು "ದಾದಿಮಾ, ದಾದಿಮಾ" ಎಂದು ಕತೆ ಹೇಳುತ್ತಿದ್ದರೆ, ಅವರು ಅವಳ ತುಟಿಗಳನ್ನೇ ನೋಡುತ್ತ ಸುಮ್ಮನೆ ತಲೆಯಾಡಿಸುತ್ತಿದ್ದರು. ಮೂರು ದಿನಗಳಾದ ಮೇಲೆ ಮಗಳು ದಾದಿಯ ಹತ್ತಿರ ಹೋಗುವುದನ್ನೇ ಬಿಟ್ಟಳು. ಅದನ್ನು ಕಂಡು ನನ್ನ ಹೊಟ್ಟೆಯಲ್ಲಿ ಸಂಕಟವಾಯಿತು.

ನಾಲ್ಕನೆಯ ದಿನ ಬೀದರ್‌ಗೆ ಹೋದೆವು. ಕಿವಿ ಮಶಿನ್ ಮಾರುವಾತ ನನ್ನ ಪಟ್ಟಿಯನ್ನು ತಿರುಗಿಸಿ ನೋಡಿ, "ಇದು ಕಂದು, ನಿಮಗೆ ಬೇಕಾದ್ದು ಕಿತ್ತಳೆ" ಎಂದ. ಈ ಸೆಲ್ಲುಗಳ ಅಂಟುಪಟ್ಟಿಯ ಬಣ್ಣವೇ ಗುರುತು: ಹಳದಿ 10, ಕಂದು 312, ಕಿತ್ತಳೆ 13, ನೀಲಿ 675. ಕಂದು, ಕಿತ್ತಳೆ ಎರಡರ ಅಗಲವೂ 7.9 ಮಿಲಿಮೀಟರ್, ದಪ್ಪ ಮಾತ್ರ 3.6 ಮತ್ತು 5.4. ಮೇಲಿನಿಂದ ನೋಡಿದರೆ ಅವಳಿಗಳಂತೆ! ಸಮುದ್ರ ದಾಟಿ ತಂದದ್ದು ಕೆಲಸಕ್ಕೆ ಬರಲಿಲ್ಲ, ಬೇಕಾದದ್ದು ನಮ್ಮ ಬೀದರ್‌ನಲ್ಲೇ ಇತ್ತು.

ಆತ ಇನ್ನೊಂದು ಮಾತು ತಿಳಿಸಿದ. ಈ ಸೆಲ್ಲು ಗಾಳಿಯಿಂದ ಜೀವ ಪಡೆಯುತ್ತದೆ. ಅಂಟುಪಟ್ಟಿ ಕಿತ್ತ ಮೇಲೆ ಒಂದೆರಡು ನಿಮಿಷ ಬಿಟ್ಟು ಹಾಕಬೇಕು. ಒಮ್ಮೆ ಕಿತ್ತರೆ, ಬಳಸದಿದ್ದರೂ ಸವೆಯುತ್ತಲೇ ಇರುತ್ತದೆ. ಪಟ್ಟಿ ಮತ್ತೆ ಅಂಟಿಸಿ ಪ್ರಯೋಜನವಿಲ್ಲ. ನಮ್ಮ ಕಡೆಯ ಒಣ ಬೇಸಿಗೆಯಲ್ಲಂತೂ ಬೇಗ ಒಣಗುತ್ತದೆ. ಹಾಗಾಗಿ ವರ್ಷಕ್ಕಾಗುವಷ್ಟು ತಂದು ಪೇರಿಸುವುದಕ್ಕಿಂತ, ತಯಾರಿಯ ದಿನಾಂಕ ನೋಡಿ ಆಗಾಗ ಕೊಳ್ಳುವುದು ಲೇಸು.

ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಇದನ್ನು ಮರೆಯಬೇಡಿ: ಗುಂಡಿಯಂಥ ಸೆಲ್ಲುಗಳನ್ನು ಕೈಗೆ ಸಿಗದಂತೆ ಇಡಿ. ಅದರಲ್ಲೂ ರಿಮೋಟು, ಆಟಿಕೆಗಳಲ್ಲಿರುವ ನಾಣ್ಯದಂಥ 3 ವೋಲ್ಟಿನ ಲಿಥಿಯಂ ಸೆಲ್ಲು ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು. ನುಂಗಿದ ಅನುಮಾನ ಬಂದರೂ ವಾಂತಿ ಮಾಡಿಸಬೇಡಿ, ಕಾದು ನೋಡಬೇಡಿ. ಎಕ್ಸ್‌ರೇ ಇರುವ ಆಸ್ಪತ್ರೆಗೆ ತಕ್ಷಣ ಓಡಿ. ವಿಮಾನದಲ್ಲಿ ಬಿಡಿ ಸೆಲ್ಲುಗಳನ್ನು ಮೂಲ ಪೊಟ್ಟಣದಲ್ಲೇ, ನಾಣ್ಯ, ಕೀಲಿಗಳಿಗೆ ತಾಗದಂತೆ ಕೈಚೀಲದಲ್ಲಿಟ್ಟುಕೊಳ್ಳಿ. ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕುಗಳನ್ನು ದೊಡ್ಡ ಪೆಟ್ಟಿಗೆಗೆ ಹಾಕಲೇಬಾರದು.

ಆ ಸಂಜೆ ಊರಿಗೆ ಮರಳಿ ಕಿತ್ತಳೆ ಪಟ್ಟಿ ಕಿತ್ತು, ಎರಡು ನಿಮಿಷ ಕಾದು, ಸೆಲ್ಲು ಹಾಕಿಕೊಟ್ಟೆ. ಅತ್ತೆ ಒಮ್ಮೆಲೇ ಅಡುಗೆಮನೆಯತ್ತ ತಿರುಗಿ, "ಬೇಟಾ, ಕುಕ್ಕರ್ ಕೂಗ್ಲಿಕತ್ತದ, ನೋಡು" ಎಂದರು. ಆಮೇಲೆ ಮಗಳನ್ನು ಕರೆದು ಮಡಿಲಲ್ಲಿ ಕೂರಿಸಿಕೊಂಡು, "ಮೊನ್ನೆಯಿಂದ ಏನು ಹೇಳ್ತಿದ್ದಿ? ಎಲ್ಲಾ ಮೊದಲಿಂದ ಹೇಳು" ಎಂದರು.

ಅವಳು ಮೊದಲಿನಿಂದ ಹೇಳಿದಳು. ನಾನು ಮಾತ್ರ ಆ ಖಾಲಿ ಪಟ್ಟಿಯನ್ನು ಪಾಸ್‌ಪೋರ್ಟಿನ ಜೊತೆ ಎತ್ತಿಟ್ಟುಕೊಂಡೆ. ನೀವೂ ಪರದೇಶದಿಂದ ಯಾರಿಗಾದರೂ ಸೆಲ್ಲು ತರುವುದಿದ್ದರೆ, ಹೆಸರು ನೆನಪಿಟ್ಟುಕೊಳ್ಳುವ ಬದಲು ಹಳೆಯ ಪಟ್ಟಿಯನ್ನೇ ಜೊತೆಗೆ ಒಯ್ಯಿರಿ.