ನಿಲ್ಲದ ಗಾಡಿ

ನಮ್ಮ ಕೆದಂಬಾಡಿಯವರಿಗೆ ರೈಲೆಂದರೆ ಕಬಕ ಪುತ್ತೂರಿನ ನಿಲ್ದಾಣವೇ ಸರಿ. ಆ ನಿಲ್ದಾಣದಲ್ಲಿ ಗಾಡಿಯೊಂದು ನಿಲ್ಲದೆ ಹೋಗುವುದನ್ನು ಕಳೆದ ಬೇಸಗೆಯಲ್ಲಿ ನಾನು ಒಂದು ವಾರದವರೆಗೆ ನಿತ್ಯವೂ ನೋಡಿದೆನು; ಅದೂ ನಮ್ಮ ಚಾವಡಿಯಲ್ಲಿ ಕುಳಿತೇ. ವಾಚಕರು ಆಶ್ಚರ್ಯಪಡಬೇಕಾದುದಿಲ್ಲ. ರಜೆಗೆಂದು ಬಂದಿದ್ದ ನನ್ನ ಅಕ್ಕನ ಮೊಮ್ಮಗನು ತನ್ನ ಗಣಕಯಂತ್ರದಲ್ಲಿ ಮಂಗಳೂರಿನಿಂದ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗೆ ತಾನೇ ಹಳಿ ಹಾಸಿ, ಅದರ ಮೇಲೆ ಗಾಡಿಗಳನ್ನು ಓಡಿಸುತ್ತಿದ್ದನು. ಅಲ್ಲಿಂದ ಮುಂದೆ ಸಕಲೇಶಪುರದ ವರೆಗೆ 57 ಸುರಂಗಗಳು. ಐವತ್ತಡಿ ಸಾಗಿದರೆ ಒಂದಡಿ ಏರುವಂಥ ಘಟ್ಟ. ಜಾಣ ಹುಡುಗ, ಅದಕ್ಕೆ ಕೈಹಾಕಿರಲಿಲ್ಲ.

ಆ ಆಟದ ಹೆಸರು ‘ಓಪನ್ ರೈಲ್ಸ್’. ಉತ್ಸಾಹಿಗಳು ಹಲವರು ಕೂಡಿ ರಚಿಸಿ, ಹಣ ಕೇಳದೆ ಲೋಕಕ್ಕೆ ಕೊಟ್ಟಿರುವುದು. ಅದರಲ್ಲಿ ಒಂದು ಗಾಡಿಯನ್ನು ಆಡುವವನು ನಡೆಸುತ್ತಾನೆ. ಮಿಕ್ಕವನ್ನು ಯಂತ್ರವು ತಾನಾಗಿ ನಡೆಸುತ್ತದೆ. ಹುಡುಗನ ಸಂಕಟವೆಲ್ಲ ಈ ಎರಡನೆಯ ಬಗೆಯ ಗಾಡಿಗಳದು. “ಅಜ್ಜಾ, ಇದು ಪುತ್ತೂರಿನಲ್ಲಿ ನಿಲ್ಲುವುದೇ ಇಲ್ಲ ನೋಡಿ” ಎಂದು ಅವನು ಅಳುಮೋರೆ ಮಾಡಿದನು.

ನಾನು ಸಂಸ್ಕೃತ ಕಲಿಸಿ ನಿವೃತ್ತನಾದವನು, ಯಂತ್ರದ ಗಂಧವಿಲ್ಲ. ಆದರೂ ಮೇಷ್ಟರ ಚಾಳಿ ಬಿಡಬೇಕಲ್ಲ! “ಇಲ್ಲಿ ನಿಲ್ದಾಣವಿದೆಯೆಂದು ಗಾಡಿಗೆ ತಿಳಿಯುವುದು ಹೇಗಪ್ಪಾ?” ಎಂದು ಕೇಳಿದೆನು. ಅವನು ಹೇಳಿದ ಉತ್ತರದಿಂದ ನನಗೆ ಬಹಳ ಸಂತೋಷವಾಯಿತು. ತೆರೆಯ ಮೇಲೆ ಕಾಣುವ ಕಟ್ಟಡ, ಹೆಂಚಿನ ಮಾಡು, ಜಗಲಿ, ಹೆಸರಿನ ಹಲಗೆ ಇವೆಲ್ಲ ನಮ್ಮ ಕಣ್ಣಿಗೆ ಮಾತ್ರ. ಗಾಡಿಗೆ ಅವು ಇಲ್ಲ. ಹಳಿಯ ಮೇಲೆ ಜಗಲಿಯ ಆದಿಗೊಂದು, ಅಂತ್ಯಕ್ಕೊಂದು ಗುರುತನ್ನಿಟ್ಟು, ಅದಕ್ಕೆ ಒಂದು ಹೆಸರು ಕೊಟ್ಟರೆ ಅದೇ ಅದರ ಪಾಲಿಗೆ ನಿಲ್ದಾಣ. ಬಳಿಕ ವೇಳಾಪಟ್ಟಿಯಲ್ಲಿ ಆ ಹೆಸರಿನ ಎದುರು ಬರುವ ಹೊತ್ತು, ಹೊರಡುವ ಹೊತ್ತು ಬರೆಯಬೇಕು. ಆ ಜಾಗವು ಖಾಲಿಯಾಗಿದ್ದರೆ ಗಾಡಿಯು ನಿಲ್ಲದೆ ಹೋಗುತ್ತದೆ. ಇದು ಪಾಣಿನಿಯ ಸಂಜ್ಞೆಯಲ್ಲದೆ ಮತ್ತೇನು? ವ್ಯಾಕರಣದಲ್ಲಿ ‘ವೃದ್ಧಿ’ಯೆಂದರೆ ಬೆಳೆಯುವುದಲ್ಲ, ಆ, ಐ, ಔ ಎಂಬ ಮೂರು ಸ್ವರಗಳಿಗೆ ಆಚಾರ್ಯನು ಇಟ್ಟ ಹೆಸರು. ಹೆಸರಿಟ್ಟದ್ದು ಯಾವುದೋ ಅದೇ ಅರ್ಥ. ಇದನ್ನು ಹುಡುಗನಿಗೆ ಹೇಳಿದಾಗ ಅವನು ಸೌಜನ್ಯಕ್ಕಾಗಿ ತಲೆದೂಗಿದನು.

ಸಂಜ್ಞೆಯೆಂದ ಮೇಲೆ ಅಕ್ಷರವೂ ತಪ್ಪಬಾರದಷ್ಟೆ. ಎರಡು ಕಡೆಯ ಹೆಸರುಗಳನ್ನೂ ತೋರಿಸೆಂದೆನು. ಅವನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದನು. ಮೂವತ್ತು ವರ್ಷಕ್ಕೂ ಮೀರಿ ಕೆಂಪು ಮಸಿಯಿಂದ ತಿದ್ದಿದ ಕಣ್ಣಿಗೆ ಎಷ್ಟು ಹೊತ್ತು ಬೇಕು? ಹಳಿಯ ಮೇಲೆ ‘ಪುತ್ತೂರು’, ಪಟ್ಟಿಯಲ್ಲಿ ‘ಪುತೂರು’! ತಕಾರಕ್ಕೆ ದ್ವಿತ್ವವಿಲ್ಲದ ಊರು ಆ ದಾರಿಯಲ್ಲಿ ಇರಲೇ ಇಲ್ಲ. ಗಾಡಿಯು ಎಲ್ಲಿ ನಿಂತೀತು?

ತಿದ್ದಿದೆವು. ಗಾಡಿಯು ಮತ್ತೆಯೂ ನಿಲ್ಲಲಿಲ್ಲ. ನನ್ನ ಪಾಂಡಿತ್ಯದ ಬೆಲೆ ಒಮ್ಮೆಲೇ ಇಳಿಯಿತು. ಮರುದಿನ ಹುಡುಗನೇ ಕಂಡುಹಿಡಿದನು. ಒಂಟಿ ಹಳಿಯು ನಿಲ್ದಾಣದಲ್ಲಿ ಕವಲೊಡೆಯುವುದುಂಟು, ಎದುರು ಬರುವ ಗಾಡಿಗೆ ದಾರಿ ಬಿಡುವುದಕ್ಕಾಗಿ. ಅವನು ಜಗಲಿಯ ಗುರುತನ್ನು ಒಂದು ಕವಲಿನಲ್ಲಿಟ್ಟು, ಗಾಡಿಯ ಪಥವನ್ನು ಇನ್ನೊಂದರಲ್ಲಿ ಎಳೆದಿದ್ದನು. ಪಥವನ್ನು ಬದಲಿಸಿದ ಮೇಲೆ, ಆ ಸಂಜೆ, ಗಾಡಿಯು ವೇಗವನ್ನು ಕುಗ್ಗಿಸುತ್ತ ಬಂದು ಜಗಲಿಯ ಬದಿಯಲ್ಲಿ ಮೆಲ್ಲನೆ ನಿಂತಿತು. ಹುಡುಗನು ಕುಣಿದನು. ನಾನು ಸುಮ್ಮನೆ ಕುಳಿತಿದ್ದೆನು.

ಆ ಖಾಲಿ ಜಗಲಿಯನ್ನು ನೋಡಿದಾಗ ನನಗೆ ತಂದೆಯವರ ನೆನಪಾಗಿತ್ತು. ಮಂಗಳೂರು–ಹಾಸನ ಮೀಟರ್ ಗೇಜ್ ದಾರಿಯು 1979ರಲ್ಲಿ ಪೂರ್ಣವಾಯಿತು. ಅದನ್ನು ಅಗಲಗೊಳಿಸಲು 1996ರಲ್ಲಿ ಘಟ್ಟದಲ್ಲಿ ಗಾಡಿಗಳನ್ನು ನಿಲ್ಲಿಸಿದ ಮೇಲೆ ಪ್ರಯಾಣಿಕರು ಪುನಃ ಘಟ್ಟವೇರಿದ್ದು 2007ರಲ್ಲಿ. ನಾನು ಹೇಳುವುದು ಆ ಹಳೆಯ ಹಳಿಯ ಕಾಲದ ಮಾತು, 1986ರದು. ಮಂಗಳೂರಿನಲ್ಲಿ ಪರೀಕ್ಷೆ ಮುಗಿಸಿ ಸಂಜೆಯ ಗಾಡಿ ಹತ್ತಿದ್ದೆನು. ತಂದೆಯವರು ನನ್ನನ್ನು ಕರೆದೊಯ್ಯಲು ಪುತ್ತೂರಿಗೆ ಬಂದಿದ್ದರು. ಗಾಡಿಯು ಪುತ್ತೂರಿನಲ್ಲಿ ನಿಂತಿತು, ನಾನು ನಿದ್ದೆಯಲ್ಲಿದ್ದೆನು. ಎಚ್ಚರವಾದಾಗ ನೆಟ್ಟಣ! ಇತ್ತ ಅವರು ಕಿಟಕಿ ಕಿಟಕಿಗೆ ಇಣುಕುತ್ತ ಅರ್ಧ ಗಾಡಿಯವರೆಗೆ ಬರುವಷ್ಟರಲ್ಲಿ ಅದು ಹೊರಟುಹೋಯಿತಂತೆ. ಕಡೆಯ ಬಸ್ಸೂ ತಪ್ಪಿ, ಕುಂಬ್ರದ ದಾರಿಯಾಗಿ, ಸೂಟೆಯ ಬೆಳಕಿನಲ್ಲಿ ಒಬ್ಬರೇ ನಡೆದು ಮನೆ ಸೇರಿದರು. ಮರುದಿನ ನಾನು ಅಂಗಳಕ್ಕೆ ಕಾಲಿಟ್ಟಾಗ ಒಂದು ಮಾತೂ ಗದರಲಿಲ್ಲ. “ಉಂಡೆಯೇನೋ?” ಎಂದಷ್ಟೇ ಕೇಳಿದರು. ಅವರು ಗದರಿದ್ದರೆ ನಾನು ಇಷ್ಟರೊಳಗೆ ಮರೆತಿರುತ್ತಿದ್ದೆನೋ ಏನೋ.

“ಎಷ್ಟು ಹೊತ್ತು ನಿಲ್ಲುತ್ತದೆ ಇದು?” ಎಂದು ಹುಡುಗನನ್ನು ಕೇಳಿದೆನು.

“ಎರಡು ನಿಮಿಷ, ಅಜ್ಜಾ.”

“ಐದು ಮಾಡು.”

“ಅಷ್ಟು ಯಾಕೆ? ಎದುರು ಗಾಡಿಗೆ ತಡವಾಗುತ್ತದೆ.”

“ವೇಳಾಪಟ್ಟಿ ನಿನ್ನದೇ ಅಲ್ಲವೇನೋ?” ಎಂದೆನು. ಅವನು ನನ್ನ ಮುಖವನ್ನೊಮ್ಮೆ ನೋಡಿ, ಮರುಮಾತಾಡದೆ ಐದು ನಿಮಿಷವೆಂದು ತಿದ್ದಿದನು.